ರಾಯಭಾರಿ ತೊಳೆದುಕೊಟ್ಟ ಮಾತು

"ಉಸ್ತಾದ್ರೇ, ಜಗಳ ಆಡ್ಕೊಂಡಿರೋ ಇಬ್ಬರ ಮಧ್ಯೆ ಓಡಾಡೋನು ಒರಟು ಮಾತನ್ನ ಒಂಚೂರು ನಯ ಮಾಡಿ ಮುಟ್ಟಿಸಿದ್ರೆ ತಪ್ಪಾ?"

ಕೇಳಿದೋನು ಜವರ. ಅವನ ಉಸ್ತಾದ್ ಲಿಂಗೋಜಿಗೂ ಮೇಲಿನ ಕೇರಿ ಗರಡಿಯ ಕರಿಗಾಳಪ್ಪನಿಗೂ ಮಾತು ನಿಂತು ಬಹಳ ಕಾಲ ಆಗಿತ್ತು. ಇಬ್ಬರೂ ಒಬ್ಬನೇ ಗುರುವಿನ ಕೈಲಿ ಪಟ್ಟು ಕಲಿತೋರು. ಅವರನ್ನ ಒಂದು ಮಾಡ್ತೀನಿ ಅಂತ ಜವರ ಎರಡು ಗರಡಿಗೂ ಓಡಾಡ್ತಾ ಇದ್ದ.

ಉಸ್ತಾದ್ರು ಮೀಸೆ ತಿರುವಿದ್ರು.

"ಕೂತ್ಕೊ. ಒಂದು ಕತೆ ಹೇಳ್ತೀನಿ. ಕತೆ ಅಂದೆ ಅಂತ ಕಟ್ಟಿದ್ದು ಅಂದ್ಕೋಬೇಡ. ಈ ಅಖಾಡದ ಮಣ್ಣಿನಾಣೆ, ಪೂರ್ತಿ ನಡೆದದ್ದು. ಸುಳ್ಳಾದ್ರೆ ನನ್ನ ತೋಳು ಬಿದ್ದೋಗ್ಲಿ. ಒಬ್ಬ ರಾಯಭಾರಿ ಇದ್ದ. ದೇಶ ದೇಶದ ಡಾಕ್ಟ್ರು ಕೈಬಿಟ್ಟ ಅವನ ಸೊಂಟ ಹಿಡಿದು ನಿಲ್ಲಿಸಿದೋನು ನಾನು, ಮತ್ಯಾವನೂ ಅಲ್ಲ. ಎಣ್ಣೆ ತಿಕ್ಕುವಾಗ ಅವನ ಬಾಯಿಂದಲೇ ಬಂದದ್ದು ಇದು."

ಉಸ್ತಾದ್ರು ಹೇಳಿದ್ದು ಹೀಗೆ.

ಆ ರಾಯಭಾರಿ ಬೇರೆಯೋರ ಜಗಳ ಬಿಡಿಸ್ಕೊಂಡೇ ಮುದುಕನಾದೋನು. ಎಲ್ಲಾದ್ರೂ ಒಂದು ದೇಶಕ್ಕೆ ಹೊಸದಾಗಿ ಸ್ವಾತಂತ್ರ್ಯ ಬಂತು ಅಂದ್ರೆ ಅದರ ಹಿಂದೇನೇ ಜಗಳ, ಜಗಳದ ಹಿಂದೆ ಇವನ ಪೆಟ್ಟಿಗೆ. ಹೊಸ ಬಾವುಟ ಏರೋದನ್ನ ಎಷ್ಟೋ ಊರಲ್ಲಿ ನಿಂತು ನೋಡಿದ್ದ. ಮೊದಮೊದಲು ಕಣ್ಣಲ್ಲಿ ನೀರು ಬರೋದು. ಆಮೇಲಾಮೇಲೆ, ಹಾಡು ಮುಗಿಯೋ ತನಕ ಸೊಂಟ ತಡೆದೀತಾ ಅನ್ನೋದೊಂದೇ ಯೋಚನೆ.

ಕೊನೆಗೆ ಅವನು ಹೋದದ್ದು ಎರಡು ಹೊಸ ದೇಶಗಳ ಜಗಳಕ್ಕೆ. ಎಷ್ಟು ಹೊಸತು ಅಂದ್ರೆ ಅಂಚೆ ಚೀಟಿ ಮೇಲೆ ಇನ್ನೂ ಹಳೇ ರಾಜನ ತಲೆನೇ ಇತ್ತು. ಹಿಂದೆ ಎರಡೂ ಒಂದೇ ದೇಶ. ಹಡಗಲ್ಲಿ ಬಂದು ಆಳಿದೋರು ವಾಪಸ್ ಹಡಗು ಹತ್ತುವಾಗ ನಡುವೆ ಗೆರೆ ಎಳೆದು ಹೋದ್ರು. ಆ ಗೆರೆ ಒಂದು ಉಪ್ಪಿನ ಕೆರೆ ಮೇಲೆ ಬಿತ್ತು. ಬೆಟ್ಟದ ನಾಡಿನೋರು ಕೆರೆ ನಮ್ಮದು ಅಂದ್ರು. ಬಯಲು ನಾಡಿನೋರು ನಮ್ಮದು ಅಂದ್ರು. ಬಂದೂಕು ಹೊರಗೆ ಬಂತು. ಕೆರೆಲಿ ಉಪ್ಪು ತೆಗೆಯೋ ಬಡವರನ್ನ ಇವರೂ ಹಿಡಿದ್ರು, ಅವರೂ ಹಿಡಿದ್ರು, ಬೇಲಿ ಒಳಗೆ ಕೂಡಿಹಾಕಿದ್ರು. ಆ ಜನ ಮನೆ ಸೇರಬೇಕು, ಇವನಿಗೆ ಇದ್ದ ಕೆಲಸ ಅದು. ಇದೊಂದು ಮುಗಿದ್ರೆ ನಾನೂ ಮನೆ ಸೇರ್ತೀನಿ ಅಂದ್ಕೊಂಡಿದ್ದ.

ಎರಡು ದೇಶದ ಮುಖಂಡರೂ ಹಿಂದೆ ಸ್ವಾತಂತ್ರ್ಯಕ್ಕೆ ಅಂತ ಒಂದೇ ಜೈಲಲ್ಲಿ, ಒಂದೇ ಕೋಣೆಲಿ ಕೂತೋರು. ಬೆಟ್ಟದೋನು ಮೇಷ್ಟ್ರು. ಬಯಲಿನೋನು ಬಂದರಲ್ಲಿ ಮೂಟೆ ಹೊತ್ತೋನು. ಈಗ ಒಬ್ಬರ ಮುಖ ಒಬ್ಬರು ನೋಡಲ್ಲ. ಗೆರೆ ಪಕ್ಕದ ಒಂದು ಶಾಲೆಲಿ ಆ ಕೊಠಡಿಲಿ ಒಬ್ಬ, ಈ ಕೊಠಡಿಲಿ ಒಬ್ಬ ಕೂತ್ರು. ಮಧ್ಯೆ ಜಗಲಿ. ಜಗಲಿ ಮೇಲೆ ರಾಯಭಾರಿ.

"ಹೋಗಿ ಹೇಳು ಆ ಬಳಪ ತಿನ್ನೋನಿಗೆ. ದೇಶ ಆಳೋದು ಅಂದ್ರೆ ಮಕ್ಕಳ ಕಿವಿ ಹಿಂಡಿದ ಹಾಗಲ್ಲ" ಅಂತಿದ್ದ ಬಯಲಿನೋನು.

ರಾಯಭಾರಿ ಜಗಲಿ ದಾಟಿ ಹೋಗಿ, "ತಮ್ಮ ವಿದ್ಯೆ ಮೇಲೆ ಅವರಿಗೆ ಬಹಳ ಗೌರವ ಸ್ವಾಮಿ" ಅಂತಿದ್ದ.

"ಆ ಮೂಟೆ ಹೊರೋನಿಗೆ ಸಹಿ ಹಾಕೋಕೆ ಬರುತ್ತಾ, ಇಲ್ಲಾ ಹೆಬ್ಬೆಟ್ಟಾ? ಕೇಳ್ಕೊಂಡು ಬಾ" ಅಂತಿದ್ದ ಬೆಟ್ಟದೋನು.

ಈ ಕಡೆ ಬಂದು, "ಅವರು ತಮ್ಮ ಸಹಿಗೇ ಕಾಯ್ತಾ ಇದಾರೆ" ಅಂತಿದ್ದ ರಾಯಭಾರಿ.

ಅವನಿಗೆ ಅದು ಎಷ್ಟು ಅಭ್ಯಾಸ ಅಂದ್ರೆ, ಜಗಲಿ ಮಧ್ಯಕ್ಕೆ ಬರೋಷ್ಟರಲ್ಲಿ ಬೈಗುಳ ತಾನಾಗೇ ನಮಸ್ಕಾರ ಆಗಿರೋದು. ಸುಳ್ಳು ಹೇಳ್ತಿದೀನಿ ಅಂತ ಅನ್ನಿಸ್ತಾನೂ ಇರ್ಲಿಲ್ಲ. ಕೆಲಸ ಮಾಡ್ತಿದೀನಿ ಅನ್ನಿಸೋದು.

ಹೀಗಿರುವಾಗ ಬೆಟ್ಟದೋನ ತಾಯಿ ಸತ್ಲು. ಯುದ್ಧದ ಗಲಾಟೆಲಿ ಗೆರೆ ಆಚೆ ಸುದ್ದಿ ಈಚೆ ದಾಟ್ತಿರ್ಲಿಲ್ಲ. ಮಣ್ಣು ಮಾಡಿ ಬಂದು ಕೂತೋನು ಮಾತೂ ಆಡಲ್ಲ, ಕಾಗದಾನೂ ಮುಟ್ಟಲ್ಲ. ಬಯಲಿನೋನಿಗೆ ತಿಳಿಸೋಣ ಅಂತ ರಾಯಭಾರಿ ಎದ್ದ. ಬಾಗಿಲ ತನಕ ಹೋದ. ಒಳಗೆ ಅವನು ಯಾರಿಗೋ ಬೈತಾ ಇದ್ದ. ಈ ಬಾಯಲ್ಲಿ ಏನು ಒಳ್ಳೇದು ಬಂದೀತು ಅನ್ನಿಸ್ತು. ಸೊಂಟ ಬೇರೆ ಹಿಡ್ಕೊಂಡಿತ್ತು. ಸಾಕಪ್ಪಾ ಅನ್ನಿಸಿಬಿಟ್ಟಿತ್ತು. ಬಾಗಿಲು ತಟ್ಟದೆ ಅಲ್ಲಿಂದಲೇ ತಿರುಗಿ ಬಂದ.

"ತಾಯಿ ಹೋದ ಸುದ್ದಿ ಕೇಳಿ ಅವರು ಬಹಳ ನೊಂದ್ಕೊಂಡ್ರು ಸ್ವಾಮಿ. ನಿಮ್ಮ ತಾಯಿ ಬೇರೆ ಅಲ್ಲ, ನನ್ನ ತಾಯಿ ಬೇರೆ ಅಲ್ಲ ಅಂತ ಹೇಳಿ ಕಳಿಸಿದಾರೆ" ಅಂದ.

ಬೆಟ್ಟದೋನು ಗೋಡೆ ಕಡೆ ತಿರುಗಿ ಅತ್ತ. ಆಮೇಲೆ ಮುಖ ಒರೆಸ್ಕೊಂಡು, "ಕೆರೆ ಇಬ್ಬರಿಗೂ ಇರ್ಲಿ. ಅವನ ಎದುರಿಗೇ ಕೂತು ಸಹಿ ಹಾಕ್ತೀನಿ" ಅಂದ. ಬಯಲಿನೋನೂ ಗೊಣಗಿ ಗೊಣಗಿ ಒಪ್ಪಿದ.

ರಾಯಭಾರಿ ಅವತ್ತು ಚೆನ್ನಾಗಿ ನಿದ್ದೆ ಮಾಡಿದ.

ಸಹಿ ಹಾಕೋ ದಿನ ಎರಡು ಕಡೆಯಿಂದಲೂ ಕೈದಿಗಳನ್ನ ತುಂಬ್ಕೊಂಡು ಲಾರಿಗಳು ಬಂದು ಗೆರೆ ಹತ್ರ ನಿಂತ್ವು. ಅವರ ಹೆಂಡಿರು ಮಕ್ಕಳು ಆಚೆ ಈಚೆ ನಿಂತು ಹೆಸರು ಹಿಡಿದು ಕೂಗ್ತಾ ಇದ್ರು.

ಒಳಗೆ ಬೆಟ್ಟದೋನು ಸೀದಾ ಹೋಗಿ ಬಯಲಿನೋನ ಕೈ ಹಿಡ್ಕೊಂಡ.

"ಅವ್ವ ಹೋದಾಗ ನೀನು ಹೇಳಿ ಕಳಿಸಿದ ಮಾತು ಸಾಯೋ ತನಕ ಮರೆಯಲ್ಲ ಕಣೋ. ಅದಕ್ಕೇ ಬಂದೆ."

"ಅವ್ವ ಎಲ್ಲಿಗೆ ಹೋದ್ಲು?"

ಬೆಟ್ಟದೋನು ಕೈ ಬಿಟ್ಟ. "ಸತ್ಲು. ನಿನಗೆ ಗೊತ್ತಿಲ್ವಾ?"

ಬಯಲಿನೋನು ಕುಸಿದು ಕೂತ. "ಜೈಲಿಗೆ ನಿನ್ನ ಜೊತೆ ನನಗೂ ರೊಟ್ಟಿ ಕಟ್ಕೊಂಡು ಬರೋಳಲ್ಲೋ. ಸತ್ಲಾ? ನನಗ್ಯಾಕೋ ಯಾರೂ ಹೇಳ್ಲಿಲ್ಲ?"

ಅವನ ಅಳು ನಿಜವಾದ ಅಳು. ರಾಯಭಾರಿಗೆ ಅದು ಗೊತ್ತಾಯ್ತು. ಬೆಟ್ಟದೋನಿಗೆ ಮಾತ್ರ ಇನ್ನು ಯಾವ ಅಳುವನ್ನೂ ನಂಬೋಕೆ ಆಗ್ಲಿಲ್ಲ.

"ಸಾಕು ನಿಲ್ಸು ನಾಟಕ. ಸತ್ತೋಳ ಹೆಸರು ಹೇಳಿ ಕೆರೆ ಹೊಡ್ಕೊಳ್ಳೋಕೆ ಬಂದ್ಯಾ?"

ಆಮೇಲೆ ಇಬ್ಬರೂ ರಾಯಭಾರಿ ಕಡೆ ತಿರುಗಿ ನೋಡಿದ್ರು. ರಾಯಭಾರಿ ತಲೆ ತಗ್ಗಿಸಿದ.

ಬೆಟ್ಟದೋನು ಹೊರಟು ಹೋದ. ಲಾರಿಗಳು ಬಂದ ದಾರಿಲೇ ತಿರುಗಿದ್ವು. ಹೆಂಗಸರು ಗೆರೆ ತನಕ ಓಡಿ ಬಂದ್ರು. ಧೂಳು ಅಡಗಿದ ಮೇಲೂ ಅಲ್ಲೇ ನಿಂತಿದ್ರು.

ಉಸ್ತಾದ್ರು ಕತೆ ನಿಲ್ಲಿಸಿದ್ರು.

"ಆ ಜನ ಏನಾದ್ರು ಉಸ್ತಾದ್ರೇ?" ಅಂದ ಜವರ.

"ಬಿಟ್ರು. ವರ್ಷಗಳು ಕಳೆದ ಮೇಲೆ ಬೇರೆ ಯಾರೋ ಹೋಗಿ ಬಿಡಿಸಿದ್ರು. ಅಷ್ಟೊತ್ತಿಗೆ ಎಷ್ಟೋ ಜನ ಬೇಲಿ ಒಳಗೇ ಮಣ್ಣಾಗಿದ್ರು. ಆ ಬಾಗಿಲು ಒಂದು ಸಲ ತಟ್ಟಿದ್ರೆ ಆಗ್ತಿತ್ತು ಅಂತ ಮುದುಕ ನನ್ನ ಅಂಗೈ ಕೆಳಗೆ ಮಲಗಿ ಅತ್ತ. ನಾನು ಸೊಂಟ ನೆಟ್ಟಗೆ ಮಾಡ್ತೀನಿ. ಮಿಕ್ಕಿದ್ದು ನನ್ನ ಕೈಲೂ ಆಗಲ್ಲ."

ಜವರ ಏನೋ ಹೇಳೋಕೆ ಬಾಯಿ ತೆಗೆದ. ಉಸ್ತಾದ್ರು ಕೈ ಅಡ್ಡ ಹಿಡಿದ್ರು.

"ಈಗ ಹೇಳು, ಕರಿಗಾಳಪ್ಪ ನನ್ನನ್ನ ಏನಂತ ಬೈದ?"