ಕಿಲುಬು ಹಿಡಿದಿಟ್ಟ ಮಣ್ಣು

ಹೊಳೆದಂಡೆಯ ಆಶ್ರಮದಲ್ಲಿ ನಿರ್ವಾಣಯ್ಯನವರೆಂಬ ಗುರುಗಳಿದ್ದರು. ಅವರ ಶಿಷ್ಯೆ ದೇವೀರಮ್ಮ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು.

ತಾಮ್ರದ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಬೆಳಗುವುದು ಅವಳ ಪಾಲಿನ ಸೇವೆ. ಕೊಡಗಟ್ಟಲೆ ನೀರು ಬೆರೆತು ಹುಳಿ ಸತ್ತ ಆ ಕಿಲುಬಿನ ನೀರು ಒಂದು ಗುಂಡಿಗೆ ಬೀಳುತ್ತಿತ್ತು. ಗುಂಡಿಯ ತುಂಬ ವರ್ಷಗಟ್ಟಲೆ ಉದುರಿ ಕೊಳೆತ ಎಲೆಯ ಕರಿಮಣ್ಣು. ನೀರು ಅದರೊಳಗೆ ಇಂಗಿ, ಜಿನುಗಿ, ಕೆಳಗಿನ ಕೊಳ ಸೇರುತ್ತಿತ್ತು. ಕೊಳದಲ್ಲಿ ಮೀನಿದ್ದವು. ಊರ ದನಗಳು ಅಲ್ಲೇ ನೀರು ಕುಡಿಯುತ್ತಿದ್ದವು.

ದೇವೀರಮ್ಮನಿಗೆ ಆ ಗುಂಡಿ ಕಂಡರಾಗದು. ಮಡಿಯ ಪಾತ್ರೆ ತೊಳೆದ ನೀರು ಕೊಳೆಯೊಳಗೆ ಬೀಳುವುದೆಂದರೇನು?

ಗುರುಗಳು ಪರವೂರಿಗೆ ಹೋದದ್ದೇ ತಡ, ಸೆರಗು ಸಿಕ್ಕಿಸಿ ನಿಂತಳು. ಕರಿಮಣ್ಣನ್ನೆಲ್ಲ ಬಾಚಿ ಗೋಡೆಯಾಚೆ ಗುಡ್ಡೆ ಹಾಕಿದಳು. ಹೊಳೆಯ ಬಿಳಿ ಮರಳು ಹೊತ್ತು ತಂದು ಗುಂಡಿಗೆ ತುಂಬಿದಳು.

ತಿಂಗಳು ಕಳೆದು ಗುರುಗಳು ಬಂದರು.

"ನೋಡಿ ಬುದ್ಧಿ, ಈಗ ಇಲ್ಲೇ ಎಲೆ ಹಾಕಿ ಊಟ ಬಡಿಸಬಹುದು."

"ಅವು ಊಟಕ್ಕೆ ಏಳುತ್ತವೋ ಕೇಳು," ಎಂದು ಗುರುಗಳು ಕೊಳದ ಕಡೆ ಕೈ ತೋರಿಸಿದರು.

ನೀರಿನ ಮೇಲೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ದೇವೀರಮ್ಮ ಒಳಗೆ ಹೋದವಳು ಬಟ್ಟೆಯ ಗಂಟು ಹಿಡಿದು ಹೊರಬಂದಳು.

"ಎಲ್ಲಿಗೆ?"

"ತವರಿಗೆ ಬುದ್ಧಿ. ಸೇವೆ ಮಾಡ್ತೀನಿ ಅಂತ ಬಂದು ಜೀವ ತೆಗೆದೆ. ನಾಳೆ ದನವೂ ಸತ್ತರೆ ಯಾವ ಮುಖ ಇಟ್ಕೊಂಡು ಇಲ್ಲಿರಲಿ?"

"ಹೋಗುವೆಯಂತೆ. ತಳ ತೂತಾದ ಎರಡು ಮಡಕೆ ಕೊಟ್ಟು ಹೋಗು."

ಒಂದು ಮಡಕೆಗೆ ಗುರುಗಳು ಬಿಳಿ ಮರಳು ತುಂಬಿದರು. ಇನ್ನೊಂದಕ್ಕೆ ಗೋಡೆಯಾಚೆಯ ಕರಿಮಣ್ಣು. ಎರಡಕ್ಕೂ ಕಿಲುಬಿನ ಹಸಿರು ನೀರು ಸುರಿದರು. ಕೆಳಗೆ ಒಂದೊಂದು ಬಿಳಿ ಬಟ್ಟಲು.

ಮರಳಿನಡಿಯ ಬಟ್ಟಲಿಗೆ ಹಸಿರು ನೀರೇ ಇಳಿಯಿತು. ಕರಿಮಣ್ಣಿನಡಿಯ ಬಟ್ಟಲಲ್ಲಿ ಒಣಗಿದೆಲೆಯ ಬಣ್ಣ ಚೂರು ಇತ್ತು, ಹಸಿರಿರಲಿಲ್ಲ.

ದೇವೀರಮ್ಮ ಗಂಟು ಕೆಳಗಿಟ್ಟು ಬಗ್ಗಿ ನೋಡಿದಳು.

"ಕಿಲುಬು ಎಲ್ಲಿ ಹೋಯ್ತು ಬುದ್ಧಿ?"

"ಎಲ್ಲೂ ಹೋಗಿಲ್ಲ. ಮಣ್ಣು ಹಿಡ್ಕೊಂಡಿದೆ."

"ಮರಳು ಯಾಕೆ ಹಿಡೀಲಿಲ್ಲ?"

"ಅದಕ್ಕೆ ಏನೂ ಅಂಟೋದಿಲ್ಲ. ಬಂದದ್ದನ್ನ ಕೆಳಗಿನವರಿಗೆ ದಾಟಿಸುತ್ತೆ, ತಾನು ಬೆಳ್ಳಗಿರುತ್ತೆ."

"ಈ ಕೊಳಕು ಮಣ್ಣಿಗೆ ಮಾತ್ರ ಅದೇನು ಶಕ್ತಿ?"

"ಚಿಗುರಿ, ಹಣ್ಣಾಗಿ, ಉದುರಿ, ಕೊಳೆತು ಬಂದಿದೆಯಲ್ಲ. ಹಿಡಿಯೋಕೆ ಅದಕ್ಕೆ ಬೇಕಾದಷ್ಟು ಕೈ."

ದೇವೀರಮ್ಮ ತವರಿಗೆ ಹೋಗಲಿಲ್ಲ. ದನ ಇಳಿಯದಂತೆ ಕೊಳದ ಸುತ್ತ ಮುಳ್ಳು ಇಟ್ಟಳು. ಮರಳು ತೆಗೆದು ಕರಿಮಣ್ಣನ್ನು ಬುಟ್ಟಿಬುಟ್ಟಿಯಾಗಿ ಗುಂಡಿಗೆ ಹೊತ್ತಳು. ಆಮೇಲೆ ಕೊಳದ ನೀರನ್ನೇ ಕೊಡಗಳಲ್ಲಿ ಮೊಗೆದು ತಂದು ಗುಂಡಿಗೆ ಸುರಿದಳು. ಅದು ಮಣ್ಣಿನಲ್ಲಿ ಇಂಗಿ ಮತ್ತೆ ಕೊಳಕ್ಕೆ ಇಳಿಯಿತು. ದಿನವಿಡೀ ಅದೇ ಕೆಲಸ.

ಅರ್ಧ ತಿಂಗಳು ಹೀಗೇ ಸಾಗಿತು. ಒಂದು ಬೆಳಿಗ್ಗೆ ಉಳಿದಿದ್ದ ನಾಲ್ಕಾರು ಮೀನುಗಳು ಬಾಲ ಆಡಿಸುತ್ತ ಅಕ್ಕಿಕಾಳಿಗೆ ಬಂದವು. ಗುರುಗಳು ಮುಳ್ಳು ತೆಗೆಯಲು ಹೇಳಿದರು.

ಮೊದಲು ಬಂದವಳು ಕೆಳಕೇರಿಯ ಕಾಳಮ್ಮ, ತನ್ನ ಹಸುವಿನೊಂದಿಗೆ.

"ಏನಮ್ಮಾ ಮಡಿಯಮ್ಮ, ಹೊಳೆಗೆ ಅಲೆದಲೆದು ನಮ್ಮ ಹಸು ಸೊರಗಿದೆ. ನಿನ್ನ ಪಾತ್ರೆ ಹೊಳೀಬೇಕು, ನಮ್ಮ ದನ ಸಾಯಬೇಕು, ಅಲ್ವಾ?"

ದೇವೀರಮ್ಮನ ನಾಲಿಗೆ ತುದಿಗೆ ಹತ್ತು ಉತ್ತರ ಬಂದವು. ಹತ್ತನ್ನೂ ನುಂಗಿದಳು.

"ತಪ್ಪಾಯ್ತಕ್ಕ," ಎಂದಳು.

ಕಾಳಮ್ಮ ಹಸುವಿಗೆ ಹೊಟ್ಟೆ ತುಂಬ ನೀರು ಕುಡಿಸಿಕೊಂಡು ಹೋದಳು. ದೇವೀರಮ್ಮ ಹಿಗ್ಗಿನಿಂದ ಗುರುಗಳ ಬಳಿ ಬಂದಳು. ಅವರು ಜಗಲಿಯಲ್ಲಿ ನಿಂಬೆಹಣ್ಣು ಕೊಯ್ಯುತ್ತಿದ್ದರು. ಅಂದಿನ ಮಡಕೆ, ಬಟ್ಟಲು ಅಲ್ಲೇ ಇದ್ದವು.

"ಬುದ್ಧಿ, ಇವತ್ತು ನಾನು ಆ ಕರಿಮಣ್ಣಾಗಿದ್ದೆ. ಕಾಳಮ್ಮ ಬೈದದ್ದನ್ನೆಲ್ಲ ಹಿಡ್ಕೊಂಡೆ. ಒಂದು ಹನಿ ಆಚೆ ಬಿಡಲಿಲ್ಲ."

"ಒಳ್ಳೇದಾಯ್ತು."

"ಆದರೂ ಅವಳ ಬಾಯಿ ನೋಡಿ ಬುದ್ಧಿ. ಹಸು ಸೊರಗಿದ್ದು ನೀರಿಲ್ಲದೆ ಅಲ್ಲ, ಅವಳು ಹಾಕೋ ಹಿಡಿ ಹುಲ್ಲಿಗೆ. ಅವಳ ಸೊಸೆ ಯಾಕೆ ತವರಲ್ಲೇ ಕೂತಿದ್ದಾಳೆ, ಅದನ್ನ ಕೇಳಿ..."

ಗುರುಗಳು ಕೊಯ್ದ ನಿಂಬೆಹೋಳುಗಳನ್ನು ಅವಳ ಕೈಗೆ ಕೊಟ್ಟರು. "ಆ ಕರಿಮಣ್ಣಿನ ಮಡಕೆಗೆ ಹಿಂಡು," ಎಂದರು.

ಅವಳು ಹಿಂಡಿದಳು. ಗುರುಗಳು ಒಂದು ಚೊಂಬು ನೀರು ಸುರಿದರು.

ಕೆಳಗಿನ ಬಟ್ಟಲಿಗೆ ತೊಟ್ಟು ತೊಟ್ಟಾಗಿ ಹಸಿರು ಇಳಿಯಿತು.

"ಇಷ್ಟು ದಿನ ಹಿಡ್ಕೊಂಡಿತ್ತಲ್ಲ ಬುದ್ಧಿ. ಈಗ್ಯಾಕೆ ಬಿಟ್ಟಿತು?"

"ಹುಳಿ ಹಿಂಡಿದ ಕೈ ಯಾರದು, ತಾಯಿ?" ಎಂದರು ಗುರುಗಳು.