ಒಂಟಿಗೈ ಕಿಡಿಗಳು ಮತ್ತು ನನ್ನ ಬಿಳಿ ಮೀಸೆ

ಆಗ ಭೂಮಿ ಎಷ್ಟು ಹೊಸದೆಂದರೆ, ಬೆಟ್ಟಕ್ಕೆ ಬಳಿದ ಹಸಿರು ಇನ್ನೂ ಒಣಗಿರಲಿಲ್ಲ. ನಾನು ಗೊತ್ತಿಲ್ಲದೆ ಒರಗಿಬಿಟ್ಟೆ, ಅಂಗಿಯೆಲ್ಲ ಹಸಿರು! ಆ ಅಂಗಿ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಬೀಗದ ಕೈ ಮಾತ್ರ ಕಳೆದಿದೆ.

ಆ ಕಾಲದಲ್ಲಿ ಮನುಷ್ಯರಿಗೆ ಮುಪ್ಪೇ ಇರಲಿಲ್ಲ. ಓಟವೂ ಇರಲಿಲ್ಲ, ನಗುವೂ ಇರಲಿಲ್ಲ. ಯಾಕೆ? ಗಾಳಿ ಇನ್ನೂ ಅವರ ಮೈಯೊಳಗೆ ಹೊಕ್ಕಿರಲಿಲ್ಲ. ಒಂದು ಹೆಜ್ಜೆ ಇಡಲು ಒಂದು ದಿನ. ಒಂದು ಮಾತಾಡಲು ಇನ್ನೊಂದು ದಿನ. ನನ್ನ ವಿಷಯ ಬಿಡಿ, ನಾನು ಮೊದಲಿನಿಂದಲೂ ಚುರುಕು!

ಹೊಳೆದಂಡೆಯಲ್ಲಿ ಕೆಂಚವ್ವ ಎಂಬ ತಾಯಿ ಇದ್ದಳು. ಅವಳ ಮಗಳ ಹೆಸರು ಬೆಳ್ಳಿ. ಗುಂಡುಕಲ್ಲಿನ ಹಾಗೆ ತಣ್ಣಗೆ ಮಲಗಿರುತ್ತಿದ್ದಳು.

ಗಾಳಿ ಆ ಕಡೆ ಬಂದಾಗ ಕೆಂಚವ್ವ ಕೈಮುಗಿದಳು. "ಗಾಳಿರಾಯ, ನನ್ನ ಮಗಳ ಎದೇಲಿ ಒಂದು ಒಲೆ ಹಚ್ಚಪ್ಪ."

"ಹಚ್ತೀನಿ ಕಣವ್ವ. ಆದ್ರೆ ನಾನು ಊದಿದ ಒಲೇಲಿ ಕಿಡಿ ಹಾರ್ತವೆ. ಆಮೇಲೆ ನನ್ನ ಬೈಬೇಡ."

ಊದಿದ! ಬೆಳ್ಳಿ ಎದ್ದಳು! ಓಡಿದಳು! ನಕ್ಕಳು ನೋಡಿ, ಮೀನುಗಳೆಲ್ಲ ನೀರಿನಿಂದ ತಲೆ ಎತ್ತಿದವು! ಅದು ಲೋಕದ ಮೊದಲ ನಗು. ಕೇಳಿದ ಕಿವಿ ಇದೇ, ಬೇಕಾದರೆ ಮುಟ್ಟಿ ನೋಡಿ.

ಆದರೆ ಕಿಡಿಗಳು ಹಾರಿದವು. ಸಂಜೆಗೆ ಬೆಳ್ಳಿಯ ತಲೆಯಲ್ಲೊಂದು ಬಿಳಿ ಎಳೆ. ಮರುದಿನ ಕೆನ್ನೆಯಲ್ಲೊಂದು ಸುಕ್ಕು. ಹೀಗೇ ಆದರೆ ಹುಣ್ಣಿಮೆಯೊಳಗೆ ಮಗಳು ಮುದುಕಿ!

"ಏನ್ ಮಾಡ್ಲಿ ಮಾವಯ್ಯ?" ಕೆಂಚವ್ವ ನನ್ನನ್ನು ಕೇಳಿದಳು. ಲೋಕದಲ್ಲಿ ನನಗಿಂತ ಬುದ್ಧಿವಂತ ಯಾರಿದ್ದರು?

"ಸುಲಭ! ಗಾಳಿ ಬರೋ ದಾರಿ ಮುಚ್ಚು," ಎಂದೆ.

ಅವಳು ಮಗಳ ಮೂಗು, ಬಾಯಿ ಮುಚ್ಚಿದಳು. ಕಿಡಿ ನಿಂತವು, ನಿಜ. ಒಲೆಯೂ ಆರತೊಡಗಿತು! ಬೆಳ್ಳಿಯ ಕೈ ಮತ್ತೆ ಕಲ್ಲಿನಷ್ಟು ತಣ್ಣಗಾಯಿತು.

"ತೆಗಿ, ಕೈ ತೆಗಿ!" ದಂಡೆಯ ಮೇಲಿದ್ದ ನೆಲ್ಲಿ ಮರ ಕೂಗಿತು. "ಇವನ ಮಾತು ಕೇಳಿದೆಯಲ್ಲ, ನಿನಗೇನು ಹೇಳೋಣ!"

ಕೆಂಚವ್ವ ಕೈ ತೆಗೆದಳು. ಬೆಳ್ಳಿ ಉಸಿರೆಳೆದಳು. ನನ್ನ ಉಸಿರೂ ಆಗಲೇ ಬಂದದ್ದು.

ನೆಲ್ಲಿ ಹೇಳಿತು: "ನಾನು ದಿನವಿಡೀ ಬಿಸಿಲಲ್ಲಿ ನಿಲ್ಲೋಳು. ಕಿಡಿಗಳ ಗುಟ್ಟು ನನಗೆ ಗೊತ್ತು. ಅವಕ್ಕೆ ಒಂದೇ ಕೈ. ಇನ್ನೊಂದು ಕೈ ಬೇಕು ಅಂತ ಮೈಯಲ್ಲಿ ಸಿಕ್ಕಿದ್ದನ್ನೆಲ್ಲ ಕಿತ್ಕೊಳ್ತವೆ, ಅದಕ್ಕೇ ಮುಪ್ಪು. ನನ್ನ ಹುಳಿ ರಸದಲ್ಲಿ ಹೆಚ್ಚಿನ ಕೈಗಳಿವೆ. ಕೊಟ್ಟರೆ ಸುಮ್ಮನಾಗ್ತವೆ. ನಂಬಿಕೆ ಇಲ್ವಾ? ಒಂದು ಬಾಳೆಕಾಯಿ ಸೀಳಿ ನೋಡು."

ಸೀಳಿದಳು. ಒಂದು ಹೋಳು ಹಾಗೇ ಇಟ್ಟಳು: ಗಾಳಿ ತಾಗಿ ಕಪ್ಪಾಯಿತು. ಇನ್ನೊಂದಕ್ಕೆ ನೆಲ್ಲಿ ರಸ ಹಿಂಡಿದಳು: ಬೆಳ್ಳಗೇ ಉಳಿಯಿತು!

"ಹಾಗಾದ್ರೆ ಬುಟ್ಟಿಗಟ್ಟಲೆ ತಿನ್ನಿಸ್ತೀನಿ! ನನ್ನ ಮಗಳಿಗೆ ಮುಪ್ಪೇ ಬರಬಾರದು!"

"ಬುಟ್ಟಿಗಟ್ಟಲೆ ತಿಂದ್ರೆ ಹೊಟ್ಟೆ ಕೆಡುತ್ತೆ, ಅಷ್ಟೆ," ನೆಲ್ಲಿ ನಕ್ಕಿತು. "ಮುಪ್ಪು ನಿಧಾನಕ್ಕೆ ಬರೋ ಹಾಗೆ ನಾವು ಕಾಯ್ತೀವಿ. ನಾನು, ನೇರಳೆ, ನಿಂಬೆ, ಸೊಪ್ಪು, ಎಲ್ಲರೂ. ಆದ್ರೂ ಒಂದೆರಡು ಕಿಡಿ ತಪ್ಪಿಸ್ಕೊಳ್ತವೆ. ಒಲೆ ಉರಿಯೋವರೆಗೂ ಕಿಡಿ ಹಾರೋದೇ. ಒಲೆ ಬೇಕೋ, ಬೇಡವೋ?"

ಕೆಂಚವ್ವ ಮಗಳ ಬಿಳಿ ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಕೂತಳು.

"ಅವ್ವಾ," ಬೆಳ್ಳಿ ಎಂದಳು, "ಮುದುಕಿ ಆದ್ರೆ ಆಗ್ಲಿ. ನಾನು ಓಡ್ಬೇಕು. ನೀನೂ ಬಾ!"

ಕೆಂಚವ್ವ ಎದ್ದು ಗಾಳಿಯ ಮುಂದೆ ನಿಂತಳು. "ನನಗೂ ಊದಪ್ಪ."

ತಾಯಿ ಮಗಳು ಕೈಹಿಡಿದು ಓಡಿದರು. ನೋಡಿದವರೆಲ್ಲ "ನನಗೂ, ನನಗೂ" ಎಂದು ಸಾಲು ನಿಂತರು!

ಅದಕ್ಕೇ ಮಕ್ಕಳೇ, ಇವತ್ತಿಗೂ ನಿಮ್ಮಮ್ಮ ಹೆಚ್ಚಿದ ಬಾಳೆಕಾಯನ್ನು ಹುಳಿಮಜ್ಜಿಗೆ ನೀರಿಗೆ ಹಾಕುತ್ತಾಳೆ, ನಿಮ್ಮ ತಟ್ಟೆಗೆ ನೆಲ್ಲಿಕಾಯಿ ಬರುತ್ತದೆ, ಮತ್ತು ನಾನು ನಕ್ಕಾಗಲೆಲ್ಲ ತಪ್ಪಿಸಿಕೊಂಡ ಒಂದೊಂದು ಕಿಡಿ ಈ ಮೀಸೆಯಲ್ಲಿ ಹೀಗೆ ಬೆಳ್ಳಗೆ ಕೂತಿದೆ.