ಟಾಪ್ ಮಾಡೆಲ್ ಪಿಕಪ್ ಹಳ್ಳಕ್ಕಿಳಿದದ್ದು

ಹಳ್ಳದ ನೀರಲ್ಲಿ ಹಾಯಾಗಿ ಮಲಗಿದ್ದ ಕೋಣಕ್ಕೆ ದಂಡೆಯಿಂದ ಹಾರ್ನ್ ಕೇಳಿಸಿತು. ಹಾಲಿನ ಕ್ಯಾನುಗಳನ್ನು ಹೊತ್ತ ಹೊಸ ಪಿಕಪ್ಪೊಂದು ಅಲ್ಲಿ ನಿಂತಿತ್ತು.

“ದಾರಿ ಬಿಡು. ಹಾಲು ಒಡೆಯುವ ಮುಂಚೆ ಆಚೆ ದಡ ಸೇರಬೇಕು.”

“ಬಿಡೋಣವಂತೆ. ಕೆಸರಿಗಿಳಿದರೆ ನನ್ನ ನಾಲ್ಕು ಕಾಲೂ ದುಡಿಯುತ್ತವೆ. ನಿನ್ನ ನಾಲ್ಕು ಗಾಲಿಯೂ ಎಳೆಯುತ್ತವೆಯೇ?”

“ನಾನು ಟಾಪ್ ಮಾಡೆಲ್ ಕಣಯ್ಯ! ಚರ್ಮದ ಸೀಟು, ತೆರೆಯುವ ಚಾವಣಿ, ಇಷ್ಟಗಲ ಪರದೆ. ನನ್ನಲ್ಲಿ ಇಲ್ಲದ್ದು ಯಾವುದಿದೆ?”

“ನಾನು ಕೇಳಿದ್ದು ಅದಲ್ಲ” ಎನ್ನುತ್ತ ಕೋಣ ಪಕ್ಕಕ್ಕೆ ಸರಿಯಿತು.

ಪಿಕಪ್ ನುಗ್ಗಿತು. ನಡುಹಳ್ಳದಲ್ಲಿ ಹಿಂದಿನ ಗಾಲಿಗಳು ಕೆಸರೆರಚುತ್ತ ಗರಗರ ತಿರುಗಿದವು, ಮುಂದಿನವು ಅಲ್ಲಾಡಲಿಲ್ಲ. ಅಷ್ಟರಲ್ಲಿ ಅದೇ ಕಂಪನಿಯ, ಬಟ್ಟೆ ಸೀಟಿನ ಇನ್ನೊಂದು ಪಿಕಪ್ ಬಂತು. ದಂಡೆಯಲ್ಲೇ ನಿಂತು, ನಾಲ್ಕೂ ಗಾಲಿ ಎಳೆಯುವ ಫೋರ್ ವೀಲ್‌ಗೆ ಗೇರ್ ಬದಲಿಸಿಕೊಂಡು, ನಿಧಾನವಾಗಿ ದಾಟಿ ಹೋಯಿತು.

“ಅದು ನನಗಿಂತ ಕೆಳಗಿನ ಮಾಡೆಲ್!” ಎಂದು ಹೂತುಹೋದದ್ದು ಕೂಗಿತು. “ನನ್ನ ಪರದೆಗೆ ಈ ಹಳ್ಳದ ಹೆಸರು ಗೊತ್ತು, ಆಚೆ ಊರು ಎಷ್ಟು ದೂರವೆಂದೂ ಗೊತ್ತು!”

ಕೋಣ ಮತ್ತೆ ನೀರಿಗೆ ಮೈ ಚಾಚಿತು.

“ಪರದೆಗೆ ಗೊತ್ತಿರಲಿ ಮಾರಾಯ, ನಿನ್ನ ಮುಂದಿನ ಗಾಲಿಗಳಿಗೆ ಯಾರೂ ಹೇಳಲಿಲ್ಲವೇ?”